ಡ್ರೈವು ಕಾಣುತ್ತಿಲ್ಲವಂತೆ

ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಗಣಕಯಂತ್ರದ ರಿಪೇರಿಯನ್ನು ಕುರಿತು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ಉಸಾಬರಿ ಏಕೆಂದು ನನ್ನ ಮಿತ್ರರೇ ಕೇಳಿದ್ದುಂಟು. ಬೇರೆ ದಾರಿಯಿಲ್ಲದೆ ಮೈಮೇಲೆ ಬಿದ್ದ ಉಸಾಬರಿ ಇದು. ವಿಜ್ಞಾನದ ವಿದ್ಯಾರ್ಥಿಗಳು ಮನ್ನಿಸಬೇಕು.

ನಮ್ಮ ತಂದೆಯವರು ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ ಮಾಡುತ್ತಾರೆ. ನಾನು ಪಿ.ಯು.ಸಿ. ಮುಗಿಸಿದಾಗ ಯಾರೋ ಪರಿಚಿತರಿಂದ ಒಂದು ಹಳೆಯ ಲ್ಯಾಪ್‌ಟಾಪನ್ನು ಕೊಂಡುತಂದರು; 2011ರ ಸುಮಾರಿನದು. ಮನೆಯಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ ಎಲ್ಲರ ಅರ್ಜಿಗಳೂ ನನ್ನ ಪಾಲಿಗೆ ಬರುತ್ತವೆ. ತಂಗಿಯ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ., ನನ್ನ ಪರೀಕ್ಷೆಗೆ ಯು.ಯು.ಸಿ.ಎಂ.ಎಸ್., ಪಕ್ಕದ ಮನೆಯವರ ಪಡಿತರ ಚೀಟಿ, ಎಲ್ಲವೂ ಆ ಯಂತ್ರದಲ್ಲೇ ಆಗಬೇಕು. ಇಂಥದರ ಹಾರ್ಡ್ ಡಿಸ್ಕು ಕಳೆದ ದೀಪಾವಳಿಯಲ್ಲಿ ಪ್ರಾಣಬಿಟ್ಟಿತು. ಹೊಸದನ್ನು ಹಾಕಿಸಿದೆನು. ಇನ್ನು ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಯಂತ್ರಕ್ಕೆ ಜೀವ ಕೊಡುವ ಮೂಲ ತಂತ್ರಾಂಶವನ್ನು, ಡಿ.ವಿ.ಡಿ.ಯಿಂದ ತುಂಬಬೇಕು. ತುಂಬಹೋದರೆ ಡಿ.ವಿ.ಡಿ. ಡ್ರೈವೇ ಕಾಣುತ್ತಿಲ್ಲ!

ಅಂಗಡಿಯಾತ ಒಂದು ಕ್ಷಣ ನೋಡಿ, "ಡ್ರೈವು ಹೋಗಿದೆ. ಇಷ್ಟು ಹಳೇದಕ್ಕೆ ದುಡ್ಡು ಸುರಿಯಬೇಡಿ, ಬೇರೆ ತೊಗೊಳ್ಳಿ" ಎಂದನು. ತಲೆ ತಗ್ಗಿಸಿ ಮನೆಗೆ ಬಂದೆ. ತಂದೆಯವರು ಉಣ್ಣುತ್ತ ಕೇಳಿಸಿಕೊಂಡು, "ಗುಮಾಸ್ತನ ಲೆಕ್ಕಕ್ಕೆ ಮೂಟೆ ಸಿಗಲಿಲ್ಲ ಅಂದ್ರೆ ಮೂಟೆನೇ ಇಲ್ಲ ಅಂತಲ್ಲ ಮಗಾ, ಇನ್ನೊಂದ್ಸಲ ಎಣಿಸ್ಬೇಕು" ಎಂದರು. ಅವರಿಗೆ ಲ್ಯಾಪ್‌ಟಾಪಿನ ಗಂಧವಿಲ್ಲ. ಆದರೂ ನಾನು ಆಮೇಲೆ ಮಾಡಿದ್ದೆಲ್ಲವೂ ಈ ಮರುಎಣಿಕೆಯೇ.

ಯಂತ್ರವನ್ನು ಚಾಲೂ ಮಾಡಿದ ಕೂಡಲೇ ಎಫ್2 ಕೀಲಿಯನ್ನೊತ್ತಿದರೆ (ಕೆಲವು ಕಂಪನಿಗಳದರಲ್ಲಿ ಎಫ್10 ಅಥವಾ ಡಿಲೀಟ್) ಬಯಾಸ್ ಎಂಬ ಪರದೆ ತೆರೆಯುತ್ತದೆ. ಯಂತ್ರಕ್ಕೆ ತನ್ನ ಅಂಗಾಂಗಗಳಲ್ಲಿ ಯಾವುದು ಗೊತ್ತು, ಯಾವುದು ಗೊತ್ತಿಲ್ಲವೆಂಬುದು ಅಲ್ಲಿ ತಿಳಿಯುತ್ತದೆ. ಡ್ರೈವಿನ ಹೆಸರು ಅಲ್ಲಿಯೇ ಇಲ್ಲವಾದರೆ ದೋಷ ತಂತ್ರಾಂಶದ್ದಲ್ಲ, ಶರೀರದ್ದು. ನನ್ನದರಲ್ಲಿ ಇರಲಿಲ್ಲ. ಚಾರ್ಜರು ಕಿತ್ತು, ಬ್ಯಾಟರಿ ತೆಗೆದು, ಮಗುಚಿ ನೋಡಿದೆ. ಇಂಥ ಲ್ಯಾಪ್‌ಟಾಪುಗಳಲ್ಲಿ ಡಿ.ವಿ.ಡಿ. ಡ್ರೈವನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಒಂದೇ ಒಂದು ಸ್ಕ್ರೂ. ಅದನ್ನು ಬಿಚ್ಚಿದರೆ ಡ್ರೈವು ಮೇಜಿನ ಡ್ರಾಯರಿನಂತೆ ಪಕ್ಕಕ್ಕೆ ಜಾರಿ ಬರುತ್ತದೆ. ಹಲ್ಲುಗಳ ಧೂಳನ್ನು ಊದಿ, ಮತ್ತೆ ಒತ್ತಿ ಕೂರಿಸಿದೆ. ಬಯಾಸಿನಲ್ಲಿ ಹೆಸರು ಬಂದಿತು! ಆ ರಾತ್ರಿ ನನಗಾದ ಸಂತೋಷ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ಸಂತೋಷ ಹತ್ತು ನಿಮಿಷವೂ ಬಾಳಲಿಲ್ಲ. ನನ್ನಲ್ಲಿದ್ದುದು ವಿಂಡೋಸ್ 7ರ ಹಳೆಯ ಡಿಸ್ಕು. ಅದು ಓಡತೊಡಗಿತು, ಬಣ್ಣದ ಪರದೆ ಬಂದಿತು, ಬಳಿಕ ಸಿ.ಡಿ./ಡಿ.ವಿ.ಡಿ. ಡ್ರೈವಿಗೆ ಬೇಕಾದ ಡ್ರೈವರು ಇಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ನಿಂತುಬಿಟ್ಟಿತು. ಇಲ್ಲಿಯ ತಮಾಷೆಯನ್ನು ಗಮನಿಸಬೇಕು. ಆ ಮಾತನ್ನು ಅದು ಓದಿ ಹೇಳಿದ್ದೇ ಅದೇ ಡ್ರೈವಿನಿಂದ! ಕುಳಿತ ಕುರ್ಚಿಯೇ ಇಲ್ಲವೆಂದು ವಾದಿಸಿದಂತೆ.

ಕಾರಣ ವಿಚಿತ್ರವೇನಲ್ಲ. ಆರಂಭದಲ್ಲಿ ಡಿಸ್ಕನ್ನು ಓದುವುದು ಬಯಾಸು, ತನಗೆ ತಿಳಿದ ಸರಳ ರೀತಿಯಲ್ಲಿ. ಸ್ವಲ್ಪ ಹೊತ್ತಿನಲ್ಲಿ ವಿಂಡೋಸಿನ ಸ್ಥಾಪಕ ತಂತ್ರಾಂಶ ಅಧಿಕಾರ ವಹಿಸಿಕೊಂಡು, ತನ್ನದೇ ಡ್ರೈವರಿನಿಂದ ಮತ್ತೊಮ್ಮೆ ಡ್ರೈವನ್ನು ಹುಡುಕುತ್ತದೆ. ಹಳೆಯ ದ್ವಾರಪಾಲಕನಿಗೆ ಪರಿಚಯವಿದ್ದವನು ಹೊಸಬನಿಗೆ ಅಪರಿಚಿತ. ಬಯಾಸಿನಲ್ಲಿ ಸಾಟಾ ಎಂಬ ಜೋಡಣೆಯ ಕ್ರಮ ಬೇರೆಯಿದ್ದರೆ ಹೀಗಾಗಬಹುದು, ಐ.ಡಿ.ಇ., ಎ.ಎಚ್.ಸಿ.ಐ. ಎಂದು ಅದನ್ನು ಬದಲಿಸಿ ನೋಡಬೇಕು. (ಒಳಗೆ ಆಗಲೇ ವಿಂಡೋಸ್ ಇದ್ದರೆ ಈ ಬದಲಾವಣೆಯಿಂದ ಅದು ಏಳದೆ ಹೋಗಬಹುದು, ಹಳೆಯ ಕ್ರಮವನ್ನು ಬರೆದಿಟ್ಟುಕೊಳ್ಳಿ.) ಪೆನ್‌ಡ್ರೈವಿನಿಂದ ಮಾಡಬಾರದೇ ಎನ್ನುವಿರಿ. ಮಾಡಬಹುದು, ಈಗ ಬಹುಮಂದಿ ಹಾಗೆಯೇ ಮಾಡುತ್ತಾರೆ. ಆದರೆ ವಿಂಡೋಸ್ 7ರ ಸ್ಥಾಪಕಕ್ಕೆ ಯು.ಎಸ್.ಬಿ. 3.0 ಕಿಂಡಿಯ ಪರಿಚಯವಿಲ್ಲ. ಅಲ್ಲಿ ಚುಚ್ಚಿದರೆ ಇದೇ ಹಾಡು. ಹಳೆಯ 2.0 ಕಿಂಡಿಗೆ ಚುಚ್ಚಬೇಕು. ಇವೆಲ್ಲವೂ ಸರಿಯಿದ್ದು, ಡಿಸ್ಕೇ ಕೆಟ್ಟಿದ್ದರೂ ಸ್ಥಾಪಕವು ಡ್ರೈವಿನ ಮೇಲೆಯೇ ತಪ್ಪು ಹೊರಿಸುತ್ತದೆ.

ನನ್ನದು ಈ ಕೊನೆಯ ಬಗೆ. ಕಾಲೇಜಿನ ಲ್ಯಾಬಿನಲ್ಲಿ ಆ ಡಿಸ್ಕನ್ನು ಹಾಕಿ ನಕಲು ಮಾಡಹೋದರೆ ಅರ್ಧದಲ್ಲಿ ನಿಂತಿತು, ಮೈತುಂಬ ಗೀರು. ಪಾಪ, ಡ್ರೈವು ನಿರಪರಾಧಿ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆಯೆಂದೂ ಆಗಲೇ ತಿಳಿದದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ ಬೇಕು; ನನ್ನ ಮುದುಕಯಂತ್ರದಲ್ಲಿ ಅದೆಲ್ಲಿಂದ ಬರಬೇಕು? ಸಾದರ ಪತ್ರಪ್ಪ ರಸ್ತೆಯಲ್ಲಿ ಒಂದು ಖಾಲಿ ಡಿ.ವಿ.ಡಿ. ಕೊಂಡು, ಉಚಿತವಾಗಿ ದೊರೆಯುವ ಡೆಬಿಯನ್ ಲಿನಕ್ಸನ್ನು ಲ್ಯಾಬಿನಲ್ಲಿಯೇ ನಿಧಾನ ವೇಗದಲ್ಲಿ ಬರೆಸಿಕೊಂಡೆ. ಅಡ್ಡಿಯಿಲ್ಲದೆ ನಡೆಯಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಈ ಲೇಖನವನ್ನು ಬರೆದದ್ದು ಅದೇ ಯಂತ್ರದಲ್ಲಿ.

ನನ್ನ ನಮ್ರ ಅಭಿಪ್ರಾಯವಿಷ್ಟು. "ಕಾಣುತ್ತಿಲ್ಲ" ಎಂಬ ಮಾತನ್ನು "ಇಲ್ಲ" ಎಂದು ಓದಿಕೊಳ್ಳುವ ಆತುರಕ್ಕೆ ಬೆಲೆ ತೆರುವವರು ನಮ್ಮಂಥ ಮನೆಯವರು. ಹಣವುಳ್ಳವರು ಹೊಸದು ಕೊಳ್ಳುತ್ತಾರೆ. ನಾವು ಸೈಬರ್ ಅಂಗಡಿಯ ಸಾಲಿನಲ್ಲಿ ನಿಂತು, ಅರ್ಜಿಯ ಕಡೆಯ ದಿನವನ್ನು ತಪ್ಪಿಸಿಕೊಳ್ಳುತ್ತೇವೆ. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸರ್ಕಾರ ಉಚಿತವಾಗಿ ಹಂಚಿದ ಲ್ಯಾಪ್‌ಟಾಪುಗಳಿಗೂ ಈಗ ವಯಸ್ಸಾಗುತ್ತಿದೆ. ಅವೂ ಅಟ್ಟ ಸೇರಬೇಕೇ?

ಆದುದರಿಂದ ನಮ್ಮ ಲ್ಯಾಬು ಶನಿವಾರ ಮಧ್ಯಾಹ್ನ ಒಂದು ಗಂಟೆ ಎಲ್ಲ ವಿಭಾಗದವರಿಗೂ ತೆರೆದಿರಲಿ. ಒಂದು ಮೇಜು, ಒಂದು ದಪ್ಪ ನೋಟುಪುಸ್ತಕ ಸಾಕು. ಯಾವ ಯಂತ್ರ, ಏನು ಹೇಳಿತು, ಏನೇನು ಮಾಡಿ ನೋಡಿದೆವು, ಯಾವುದರಿಂದ ಸರಿಹೋಯಿತು ಎಂದು ಅದರಲ್ಲಿ ಕನ್ನಡದಲ್ಲಿ ಬರೆದಿಡಬೇಕು, ಸೋತದ್ದನ್ನೂ ಬರೆಯಬೇಕು. ಹುಡುಗರು ಬಿಚ್ಚಿ ಕೆಡಿಸಿಯಾರೆಂದು ಅಧ್ಯಾಪಕರು ಶಂಕಿಸಬಹುದು. ಶಂಕೆ ನ್ಯಾಯವಾದುದೇ, ನಾನೂ ಒಂದು ಸ್ಕ್ರೂ ಕಳೆದಿದ್ದೇನೆ. ಗ್ಯಾರಂಟಿ ಮುಗಿಯದವನ್ನು ಮುಟ್ಟಕೂಡದು, ಒಳಗಿನ ಕಡತಗಳನ್ನು ಬೇರೆಡೆ ಉಳಿಸಿಕೊಳ್ಳದೆ ಏನನ್ನೂ ಅಳಿಸಕೂಡದು ಎಂದು ನಿಯಮ ಮಾಡಿದರಾಯಿತು. ಮಾನ್ಯ ಪ್ರಾಂಶುಪಾಲರು ಒಪ್ಪಿದರೆ ಮೊದಲ ಶನಿವಾರ ಸ್ಕ್ರೂಡ್ರೈವರು ನಾನೇ ತರುತ್ತೇನೆ.