ಬ್ಯಾಕಪ್ ಇಟ್ಟ ಬೆಟ್ಟ

ಐಟಿಯವರಿಗೆ ಗೊತ್ತು, ಬ್ಯಾಕಪ್ ಇಡುವ ಜಾಗ ಭದ್ರವಾಗಿರಬೇಕು. ಬೆಳೆಗಳ ಬೀಜಕ್ಕೂ ಜಗತ್ತು ಅಂಥದೊಂದು ಜಾಗ ಹುಡುಕಿತು. ಉತ್ತರ ಧ್ರುವದ ಕಡೆಗಿರುವ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ, ಹೆಪ್ಪುಗಟ್ಟಿದ ಬೆಟ್ಟದೊಳಗೆ, 2008ರಲ್ಲಿ ಬೀಜದ ಕಣಜ ತೆರೆಯಿತು. ಒಳಗೆ ಮೈನಸ್ 18 ಡಿಗ್ರಿ. ಕರೆಂಟು ಕೈಕೊಟ್ಟರೂ ಬೆಟ್ಟದ ಚಳಿಯೇ ಬೀಜ ಕಾಯುತ್ತದೆ ಎಂಬ ನಂಬಿಕೆ.

2016ರ ಅಕ್ಟೋಬರಿನಲ್ಲಿ ಅಲ್ಲಿ ಹಿಮ ಬೀಳಬೇಕಾದ ಹೊತ್ತಿಗೆ ಮಳೆ ಸುರಿಯಿತು. ನೀರು ಸುರಂಗದ ಬಾಯಿಂದ ಒಳನುಗ್ಗಿ ಅಲ್ಲೇ ಮಂಜುಗಡ್ಡೆಯಾಯಿತು. ಪುಣ್ಯಕ್ಕೆ ಬೀಜದ ಕೋಣೆ ಮುಟ್ಟಲಿಲ್ಲ. ಆಮೇಲೆ ನಾರ್ವೆ ನೀರು ಸೋರದಂಥ ಹೊಸ ಕಾಂಕ್ರೀಟ್ ಸುರಂಗವನ್ನೇ ಕಟ್ಟಿಸಿತು.

ದೂರದ ಸುದ್ದಿ ಅನ್ನಬೇಡಿ. ನಾನಿರುವ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಿಂದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೀಜಗಳು ಅಲ್ಲಿಗೆ ಹೋಗಿವೆ. ನಮ್ಮ ರೊಟ್ಟಿ, ಬೇಳೆ, ಶೇಂಗಾ ಚಟ್ನಿಯ ಬ್ಯಾಕಪ್ಪೂ ಅಲ್ಲೇ ಇದೆ. ಅದು ಬರೀ ಶೋಕಿಯಲ್ಲ: ಯುದ್ಧದಿಂದ ಸಿರಿಯಾದ ಅಲೆಪ್ಪೊದ ಬೀಜಬ್ಯಾಂಕ್ ಕೈತಪ್ಪಿದಾಗ, 2015ರಲ್ಲಿ ಅವರು ಬೀಜ ವಾಪಸ್ ತರಿಸಿಕೊಂಡದ್ದು ಅಲ್ಲಿಂದಲೇ.

1979ರಿಂದೀಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಇಲ್ಲಿ ಹೊಲ ಸುಡುವ ತಾಪವೇ ಅಲ್ಲಿ ಬೆಟ್ಟವನ್ನೂ ಕರಗಿಸುತ್ತಿದೆ. ಅಸಲಿಗೂ ನಕಲಿಗೂ ಒಂದೇ ಗಂಡಾಂತರವಿದ್ದರೆ ಅದನ್ನು ನಮ್ಮ ಆಫೀಸಿನಲ್ಲಿ ಬ್ಯಾಕಪ್ ಅಂತ ಯಾರೂ ಒಪ್ಪುವುದಿಲ್ಲ.