ಕೆರೆಗೆ ವಿಷ, ಧಣಿಗೆ ಲಾಭ!

ದೊಡ್ಡಬಳ್ಳಾಪುರದ ಚರಂಡಿ ನೀರೂ ಬಾಶೆಟ್ಟಿಹಳ್ಳಿ ಕಾರ್ಖಾನೆಗಳ ಕೊಳಕೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಇಳಿದಿವೆ. ಕುಡಿಯುವ ನೀರು ಕೆಟ್ಟಿತೆಂದು ಹಳ್ಳಿಗರು ವರ್ಷಗಟ್ಟಲೆ ಹೋರಾಡಿದ್ದಾರೆ. ಇದು ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಜಲಾನಯನ. 1894ರಲ್ಲಿ ಹೆಸರಘಟ್ಟ ಕೆರೆ ಕಟ್ಟಿ ಬೆಂಗಳೂರಿಗೆ ಕುಡಿಯಲು ಕೊಟ್ಟದ್ದು ಇದೇ ಹೊಳೆಯ ನೀರು. ನಗರಕ್ಕೆ ನೀರುಣಿಸಿದ ಹೊಳೆಗೆ ಕೊಚ್ಚೆಯ ಬಾಗಿನವೇ?

1974ರಿಂದ ಜಲಮಾಲಿನ್ಯ ಕಾಯಿದೆಯಿದೆ. ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿನ ಭಾಗವೆಂದು 1991ರಲ್ಲಿ ಸುಪ್ರೀಂ ಕೋರ್ಟು ಸಾರಿದೆ. ಕಾಗದದಿಂದ ಬಾಯಾರಿಕೆ ಇಂಗೀತೇ?

ಕಾರ್ಮಿಕ ಬಂಧುಗಳೇ, ಬಾಯಿ ತೆರೆದರೆ ಕಾರ್ಖಾನೆ ಮುಚ್ಚುತ್ತದೆಂಬ ಬೆದರಿಕೆಗೆ ಬಗ್ಗಬೇಡಿ. ನಾವು ಕೇಳುವುದು ಬೀಗವನ್ನಲ್ಲ, ಶುದ್ಧೀಕರಣ ಘಟಕವನ್ನು. ಅದರ ಖರ್ಚು ಲಾಭದಿಂದ ಬರಲಿ, ಕೂಲಿಯಿಂದಲ್ಲ. ನೀರು ಕೆಟ್ಟರೆ ಧಣಿ ಬಾಟಲಿ ಕೊಳ್ಳುತ್ತಾನೆ. ಮಗ್ಗದವನೂ ಅಂಗಡಿಯವನೂ ಏನು ಮಾಡಬೇಕು? ಹಳ್ಳಿಯ ಹೋರಾಟಕ್ಕೆ ಪೇಟೆ ಹೆಗಲು ಕೊಡಲಿ!