ಬೇಜಾರಿಗೆ ಇಂಗ್ಲಿಷಲ್ಲಿ ಏನಂತಾರೆ?

ಈ ವಾರ ಒಂದೇ ಒಂದು ಪದ ಹಿಡಿದುಕೊಂಡು ಕೂರೋಣ: ಬೇಜಾರು. ಮೂಲ ಫಾರಸಿಯದು, ಆದ್ರೆ ಈಗ ಇದಿಲ್ಲದೆ ನಮ್ಮ ಒಂದು ದಿನವೂ ಕಳೆಯಲ್ಲ. ಭಾನುವಾರ ಮಧ್ಯಾಹ್ನ ಕರೆಂಟ್ ಹೋಯ್ತು, ಬೇಜಾರು. ಗೆಳತಿ ಮದುವೆಗೆ ಕರೀಲಿಲ್ಲ, ಬೇಜಾರು. ಪ್ರಮೋಷನ್ ಪಕ್ಕದ ಸೀಟಿನವನ ಪಾಲಾಯ್ತು, ಬೇಜಾರು. ಅಜ್ಜಿ ತೀರಿಕೊಂಡರು, ತುಂಬಾ ಬೇಜಾರು. ಪೀಜಿಯಲ್ಲಿ ಸತತ ಮೂರನೇ ದಿನ ಉಪ್ಪಿಟ್ಟು, ಅದಕ್ಕೂ ಬೇಜಾರೇ. ಕೇಳಿಸಿಕೊಂಡವರಿಗೆ ಗೊಂದಲ ಆಗೋದಿಲ್ಲ. ಯಾವ ಬೇಜಾರು ಅಂತ ನಮ್ಮ ಮುಖ, ದನಿ ನೋಡಿದರೆ ಗೊತ್ತಾಗುತ್ತೆ.

ಇಂಗ್ಲಿಷಲ್ಲಿ ಈ ಐದಕ್ಕೂ ಐದು ದಾರಿ. ಕರೆಂಟ್ ಹೋದಾಗ 'ಐ ಆಮ್ ಬೋರ್ಡ್'. ಗೆಳತಿ ವಿಷಯಕ್ಕೆ 'ಐ ಫೆಲ್ಟ್ ಹರ್ಟ್', ಅಂದ್ರೆ ಮನಸ್ಸಿಗೆ ನೋವಾಯ್ತು. ಪ್ರಮೋಷನ್ ತಪ್ಪಿದಾಗ 'ಐ ವಾಸ್ ಡಿಸಪಾಯಿಂಟೆಡ್', ನಿರೀಕ್ಷೆ ಇತ್ತು, ಆಗಲಿಲ್ಲ. ಅಜ್ಜಿ ಹೋದ ದುಃಖ 'ಗ್ರೀಫ್'. ಉಪ್ಪಿಟ್ಟಿಗೆ 'ಐ ಆಮ್ ಫೆಡ್ ಅಪ್ ವಿತ್ ಉಪ್ಪಿಟ್ಟು', ಸಾಕಪ್ಪಾ ಸಾಕು ಅಂತ. ನಮ್ಮಲ್ಲಿ ಬಹಳಷ್ಟು ಜನ ಐದಕ್ಕೂ 'ಸ್ಯಾಡ್' ಅಥವಾ 'ಅಪ್‌ಸೆಟ್' ಹಾಕಿ ಮುಗಿಸ್ತೀವಿ. ವ್ಯಾಕರಣದ ಪ್ರಕಾರ ತಪ್ಪಲ್ಲ, ಆದ್ರೆ ಎದುರಿಗಿರೋರಿಗೆ ಏನೂ ತಲುಪಲ್ಲ. ಅದರಲ್ಲೂ ಚಾಟ್‌ನಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ.

ಇಲ್ಲೇ ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗ್ತೀನಿ. ಕನ್ನಡದಲ್ಲಿ ಭಾವನೆ ನಮಗೆ 'ಆಗುತ್ತೆ': ನನಗೆ ಬೋರಾಯ್ತು, ನನಗೆ ಕನ್ಫ್ಯೂಸ್ ಆಯ್ತು. ಇಂಗ್ಲಿಷಲ್ಲಿ ಆ 'ನನಗೆ' ಇಲ್ಲ, 'ನಾನು' ಅಂತಲೇ ಶುರು ಆಗಬೇಕು. ಹಾಗಾಗಿ ಕೊನೆಯಲ್ಲಿ 'ಎಡ್' ಬರುತ್ತೋ 'ಇಂಗ್' ಬರುತ್ತೋ ಅನ್ನೋದರ ಮೇಲೆ ಎಲ್ಲ ನಿಂತಿದೆ. 'ಐ ಆಮ್ ಬೋರ್ಡ್' ಅಂದ್ರೆ ನನಗೆ ಬೋರಾಗಿದೆ. 'ಐ ಆಮ್ ಬೋರಿಂಗ್' ಅಂದ್ರೆ ನಾನೇ ಒಂದು ಬೋರು, ನನ್ನ ಹತ್ರ ಬರಬೇಡಿ ಅಂತ. ಮೀಟಿಂಗ್‌ನಲ್ಲಿ ಇದನ್ನ ಹೇಳಿದರೆ ಯಾರೂ ತಿದ್ದಲ್ಲ, ಮನಸ್ಸಲ್ಲೇ ನಗ್ತಾರೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಓದುಗರೊಬ್ಬರು ಬರೆದಿದ್ದಾರೆ. ಅವರು ಬೆಂಗಳೂರಲ್ಲಿ ಕೆಲಸ ಮಾಡ್ತಾರೆ, ಮ್ಯಾನೇಜರ್ ಇರೋದು ಇಂಗ್ಲೆಂಡಲ್ಲಿ. ಹುಬ್ಬಳ್ಳಿಯಲ್ಲಿ ಅವರ ತಂದೆಗೆ ಹೃದಯಾಘಾತವಾಗಿ ಐಸಿಯು ಸೇರಿದ್ದಾರೆ. ರಾತ್ರಿ ಬಸ್ಸು ಹತ್ತೋ ಮುಂಚೆ ಇವರು ಹಾಕಿದ ಮೆಸೇಜು ಇದು: 'ದೇರ್ ಈಸ್ ಸಮ್ ಟೆನ್ಷನ್ ಅಟ್ ಹೋಮ್. ಐ ನೀಡ್ ಲೀವ್.' ಮ್ಯಾನೇಜರ್ ಉತ್ತರ: ನಾಳೆ ರಜೆ ತಗೊಳ್ಳಿ, ಎಲ್ಲ ಬೇಗ ಸರಿಹೋಗಲಿ. ಒಂದೇ ಒಂದು ದಿನ. ಮಾರನೇ ದಿನ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಿದ್ದಾರೆ. ಡೆಡ್‌ಲೈನ್ ತಪ್ಪಿದೆ, ಅದು ಅಪ್ರೈಸಲ್‌ನಲ್ಲೂ ಬಂದಿದೆ. ತಂದೆ ಈಗ ಚೇತರಿಸಿಕೊಂಡಿದ್ದಾರೆ. ಅವರ ಪ್ರಶ್ನೆ: 'ಮೇಡಂ, ಇಷ್ಟು ದೊಡ್ಡ ಕಷ್ಟ ಹೇಳಿಕೊಂಡರೂ ಆ ಮನುಷ್ಯನಿಗೆ ಯಾಕೆ ಅರ್ಥವಾಗಲಿಲ್ಲ?'

ಆ ಮ್ಯಾನೇಜರ್ ಕಲ್ಲುಹೃದಯದವರೋ ಏನೋ, ನನಗೆ ಗೊತ್ತಿಲ್ಲ. ಆದ್ರೆ ಆ ವಾಕ್ಯ ಅವರಿಗೆ ಹೇಗೆ ಕೇಳಿಸಿರಬಹುದು ಅಂತ ಹೇಳಬಲ್ಲೆ. ನಮಗೆ ಟೆನ್ಷನ್ ಅಂದ್ರೆ ಒಬ್ಬರ ಎದೆಯೊಳಗಿನ ಢವಢವ. ಬ್ರಿಟಿಷರ ಮಾತಲ್ಲಿ 'ಟೆನ್ಷನ್ ಅಟ್ ಹೋಮ್' ಅಂದ್ರೆ ಸಾಮಾನ್ಯವಾಗಿ ಮನೆಯವರ ನಡುವಿನ ಮನಸ್ತಾಪ. ಗಂಡ ಹೆಂಡಿರ ಜಗಳಕ್ಕೆ ಒಂದು ದಿನ ರಜೆ ಕೊಟ್ಟಿದ್ದೇ ದೊಡ್ಡದು ಅಂದುಕೊಂಡಿರಬಹುದು ಪಾಪ!

ಹೀಗೆ ಬರೆದಿದ್ದರೆ? 'ಮೈ ಫಾದರ್ ಹ್ಯಾಡ್ ಎ ಹಾರ್ಟ್ ಅಟ್ಯಾಕ್ ಅಂಡ್ ಈಸ್ ಇನ್ ಇಂಟೆನ್ಸಿವ್ ಕೇರ್. ಐ ಆಮ್ ವೆರಿ ವರೀಡ್ ಅಂಡ್ ಕಾಂಟ್ ಫೋಕಸ್ ಆನ್ ವರ್ಕ್. ಐ ನೀಡ್ ಟು ಬಿ ವಿತ್ ಮೈ ಫ್ಯಾಮಿಲಿ ದಿಸ್ ವೀಕ್. ಐ ವಿಲ್ ಅಪ್‌ಡೇಟ್ ಯೂ ಆನ್ ಥರ್ಸ್‌ಡೇ.' ಮೊದಲು ಏನಾಯ್ತು, ಆಮೇಲೆ ನನಗೇನಾಗ್ತಿದೆ, ಆಮೇಲೆ ಏನು ಬೇಕು. ಕೊನೆಯ ಸಾಲು ಚಿಕ್ಕದು, ಆದ್ರೆ ಮ್ಯಾನೇಜರ್‌ಗೆ ಅದೇ ಸಮಾಧಾನ. ಒಂದೂ ದೊಡ್ಡ ಪದ ಇಲ್ಲ, ಗಮನಿಸಿ. 'ವರೀಡ್' ಸಾಕು, ಯಾಕಂದ್ರೆ ಚಿಂತೆಗೆ ಕಾರಣ ಕಣ್ಣೆದುರೇ ಇದೆ. 'ಆಂಕ್ಷಸ್' ಅನ್ನೋದು ಇನ್ನೂ ಆಳದ ತಳಮಳ, ಎಷ್ಟೋ ಸಲ ಅದಕ್ಕೆ ಇಂಥದ್ದೇ ಅಂತ ಕಾರಣ ಇರಲ್ಲ: 'ಐ ಫೀಲ್ ಆಂಕ್ಷಸ್ ಎವ್ರಿ ಸಂಡೇ ಈವ್ನಿಂಗ್.' ಸೋಮವಾರ ನೆನೆದರೆ ಹೊಟ್ಟೆ ತೊಳಸುತ್ತಲ್ಲ, ಅದು.

ಪದ ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ ಇಲ್ಲಿ ಕೆಲಸ ಮಾಡಿರೋದು ಸಂಕೋಚ ಅನ್ನೋದು ನನ್ನ ಗುಮಾನಿ. ಮನೆ ಕಷ್ಟ ಆಫೀಸಿನವರ ಮುಂದೆ ಬಿಚ್ಚಿಡೋದು ಹೇಗೆ ಅಂತ 'ಸಮ್ ಪರ್ಸನಲ್ ಪ್ರಾಬ್ಲಮ್' ಹಿಂದೆ ಅವಿತುಕೊಳ್ತೀವಿ. ತಮಾಷೆ ಅಂದ್ರೆ, ಈ ಸಂಕೋಚಕ್ಕೇ ಇಂಗ್ಲಿಷಲ್ಲಿ ಸರಿಯಾದ ಒಂದು ಪದ ನನಗೆ ಸಿಕ್ಕಿಲ್ಲ. 'ಐ ಡೋಂಟ್ ವಾಂಟ್ ಟು ಇಂಪೋಸ್' ಅನ್ನೋದು ಹತ್ತಿರ ಬರುತ್ತೆ, ಪೂರ್ತಿ ಬರಲ್ಲ.

ಕೆಲಸವೇ ತಲೆ ಮೇಲೆ ಬಿದ್ದಾಗ? 'ಓವರ್‌ವೆಲ್ಮ್ಡ್' ಒಳ್ಳೆ ಪದ. ಇದರೊಳಗಿನ 'ವೆಲ್ಮ್' ಹಳೇ ಇಂಗ್ಲಿಷಿನವರಿಗೆ ಮಗುಚಿ ಹಾಕೋದು, ಮುಳುಗಿಸೋದು. ದೋಣಿ ಮಗುಚಿದಂಥ ಸ್ಥಿತಿ ಅಂದುಕೊಳ್ಳಿ: 'ಐ ಆಮ್ ಓವರ್‌ವೆಲ್ಮ್ಡ್. ಕ್ಯಾನ್ ವೀ ಡಿಸೈಡ್ ವಾಟ್ ಕಮ್ಸ್ ಫಸ್ಟ್?' ಎರಡನೇ ವಾಕ್ಯ ಬಿಡಬೇಡಿ, ಅದಿದ್ದರೆ ಗೋಳು ಅನ್ನಿಸಲ್ಲ. 'ಐ ಆಮ್ ಸ್ಟ್ರಗಲಿಂಗ್ ವಿತ್ ದಿಸ್ ಮಾಡ್ಯೂಲ್' ಅನ್ನೋಕೂ ಹಿಂಜರಿಯಬೇಡಿ. ಕಷ್ಟ ಆಗ್ತಿದೆ ಅಂತ ಅರ್ಥ, ಕೈಲಾಗಲ್ಲ ಅಂತಲ್ಲ.

'ಬರ್ನೌಟ್' ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಬಗ್ಗೆ ಬರೆದ ಮೇಲೆ ಇದು ಮನಶ್ಶಾಸ್ತ್ರದ ಪದವಾಯ್ತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ವಿವರಿಸಿತು, ಕಾಯಿಲೆ ಅಂತಲ್ಲ. ತಿಂಗಳುಗಟ್ಟಲೆ ಒತ್ತಡದಲ್ಲಿ ಒಳಗಿನದ್ದೆಲ್ಲ ಉರಿದುಹೋಗಿರೋರ ಪದ ಅದು. ಒಂದು ಕೆಟ್ಟ ವಾರಕ್ಕೆ 'ಎಕ್ಸಾಸ್ಟೆಡ್' ಸಾಕು.

ಹಾಗೇ 'ಡಿಪ್ರೆಸ್ಡ್'. ಮ್ಯಾಚ್ ಸೋತರೆ ಡಿಪ್ರೆಸ್ಡ್ ಅನ್ನೋದು ನನಗೆ ಸರಿ ಕಾಣಲ್ಲ, ಅದಕ್ಕೆ ಬ್ರಿಟಿಷರ 'ಗಟೆಡ್' ಇದೆ. ವಾರಗಟ್ಟಲೆ ನಿದ್ದೆ ಊಟ ಸೇರದೆ ಯಾವುದೂ ಬೇಡ ಅನ್ನಿಸ್ತಿದ್ದರೆ ಇಂಗ್ಲಿಷ್ ಪದ ಹುಡುಕ್ತಾ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ಕಷ್ಟ ಬೇಗ ಹೇಳಿಬಿಡ್ತೀನಿ. 'ಮನಿ ಈಸ್ ಟೈಟ್ ದಿಸ್ ಮಂತ್' ಯಾರ ಮುಂದೆ ಬೇಕಾದರೂ ಹೇಳಬಹುದು, ಮರ್ಯಾದೆಗೆ ಧಕ್ಕೆಯಿಲ್ಲ. 'ಐ ಆಮ್ ಬ್ರೋಕ್' ಗೆಳೆಯರ ಮಧ್ಯೆ ಮಾತ್ರ. ಸಂಬಳ ಬಾಡಿಗೆ, ಇಎಂಐ, ಊರಿಗೆ ಅಂತ ಹಂಚಿಹೋಗಿ ಹೇಗೋ ತಿಂಗಳು ದಾಟ್ತಿದ್ದರೆ 'ಐ ಆಮ್ ಜಸ್ಟ್ ಅಬೌಟ್ ಮೇಕಿಂಗ್ ಎಂಡ್ಸ್ ಮೀಟ್'. ಬ್ಯಾಂಕಿಗೆ ಪತ್ರ ಬರೆಯೋವಾಗ ಮಾತ್ರ 'ಫೈನಾನ್ಶಿಯಲ್ ಹಾರ್ಡ್‌ಶಿಪ್'.

ಇನ್ನು ಸಾವಿನ ಸುದ್ದಿ. 'ಹಿಸ್ ಫಾದರ್ ಎಕ್ಸ್‌ಪೈರ್ಡ್' ಅಂತ ನಮ್ಮಲ್ಲಿ ಸಲೀಸಾಗಿ ಬರೀತಾರೆ. ಹೊರದೇಶದವರಿಗೆ ಅದು ಹಾಲಿನ ಪ್ಯಾಕೆಟ್ಟು, ವೀಸಾ ಅವಧಿ ನೆನಪಿಸುತ್ತೆ. 'ಪಾಸ್ಡ್ ಅವೇ' ಅನ್ನಿ. ಸಹೋದ್ಯೋಗಿಗೆ ಆರ್‌ಐಪಿ ಅಂತ ಮೂರಕ್ಷರ ಒತ್ತೋ ಬದಲು 'ಐ ಆಮ್ ಸೋ ಸಾರಿ ಫಾರ್ ಯುವರ್ ಲಾಸ್. ಐ ವಿಲ್ ಹ್ಯಾಂಡಲ್ ಯುವರ್ ಕಾಲ್ಸ್ ದಿಸ್ ವೀಕ್' ಅಂತ ಬರೆಯಿರಿ. ಬರೆದ ಮೇಲೆ ಆ ಕಾಲ್‌ಗಳನ್ನ ನಿಜವಾಗಿ ತಗೊಳ್ಳಿ, ಮತ್ತೆ!

ಹುಬ್ಬಳ್ಳಿಯವರೇ, ಅಪ್ರೈಸಲ್ ವಿಷಯ ಇನ್ನೂ ಮುಗಿದಿಲ್ಲ ಅಂದಿದ್ದೀರಿ. ಮುಂದಿನ ಒನ್ ಆನ್ ಒನ್‌ನಲ್ಲಿ ಹೀಗೆ ಶುರು ಮಾಡಿ ನೋಡಿ: 'ಐ ಡಿಡ್ ನಾಟ್ ಎಕ್ಸ್‌ಪ್ಲೇನ್ ಅಟ್ ದ ಟೈಮ್ ಹೌ ಸೀರಿಯಸ್ ಇಟ್ ವಾಸ್. ಐ ವುಡ್ ಲೈಕ್ ಟು ಡೂ ದಟ್ ನೌ.' ಅವರು ಏನಂದರು ಅಂತ ಬರೆಯಿರಿ. ಮುಂದಿನ ವಾರ ಕೋಪ.